ನಾನು ಹಾಕದೆ ಬಿಟ್ಟ ಹುಣಸೆ ಬೀಜಗಳು

ಐದನೆಯ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವಳು ನಾನು. ಕೆಮ್ಮು ಹಿಡಿದ ಮೇಲೆ ಡಾಕ್ಟರು ಇನ್ನು ಹೊಗೆಸೊಪ್ಪಿನ ಹತ್ತಿರ ಹೋಗಬೇಡ ಎಂದರು. ಅದೇ ಹೊತ್ತಿಗೆ, ಎರಡು ಸಾವಿರದ ಒಂದರಲ್ಲಿ, ಕುಂಬಳೆಯಿಂದ ಒಳಗೆ ಹೋಗುವ ಬಸ್ಸಿನ ದಾರಿಯಲ್ಲಿ ಒಂದು ಟ್ರಸ್ಟಿನವರು ಬುದ್ಧಿಮಾಂದ್ಯ ಮಕ್ಕಳ ಶಾಲೆ ತೆರೆದರು. ಆಗ ಬೋರ್ಡಿನಲ್ಲಿ ಹಾಗೆಯೇ ಬರೆದಿತ್ತು. ನಾನಿರುವಾಗಲೇ ಬೋರ್ಡು ಮೂರು ಸಲ ಬದಲಾಯಿತು, ಮಕ್ಕಳು ಬದಲಾಗಲಿಲ್ಲ. ಆಯಾ ಬೇಕು ಎಂದಿದ್ದರು, ಹೋದೆ. ಹದಿನೆಂಟು ವರ್ಷ ಅಲ್ಲಿದ್ದೆ. ಆಯಾ ಆಗಿ ಸೇರಿ ಆಯಾ ಆಗಿಯೇ ಹೊರಗೆ ಬಂದೆ, ಆದ್ದರಿಂದ ಬಡ್ತಿಯ ಸುದ್ದಿ ಬರೆಯಲು ಇಲ್ಲ.

ಈಗ ಮೊಮ್ಮಗಳು ಇಂಥದ್ದೇ ಒಂದು ಶಾಲೆಗೆ ಟೀಚರಾಗಿ ಸೇರಿದ್ದಾಳೆ. ಅವಳ ಹತ್ತಿರ ದಪ್ಪ ದಪ್ಪ ಪುಸ್ತಕಗಳಿವೆ. ಪುಸ್ತಕದಲ್ಲಿರುವ ಮಗು ಕಚ್ಚುವುದಿಲ್ಲ, ಉಗುಳುವುದಿಲ್ಲ, ಅದರ ಅಮ್ಮ ಗೇಟಿನಲ್ಲಿ ನಿಂತು ಪ್ರಶ್ನೆ ಕೇಳುವುದಿಲ್ಲ. ಆ ಕೆಲಸಕ್ಕೆ ಹೊಸದಾಗಿ ಹೋಗುವವರಿಗೆ ಗೊತ್ತಿರಲಿ ಎಂದು ಇದನ್ನು ಬರೆದಿದ್ದೇನೆ.

ಮೊದಲ ವರ್ಷಗಳಲ್ಲಿ ನಮಗೆ ಗೊತ್ತಿದ್ದದ್ದು ಎರಡೇ, ಮೈ ಒರಸುವ ಬೈರಾಸು ಮತ್ತು ಬೆತ್ತ. ಓಡುವ ಮಗುವನ್ನು ಬೈರಾಸಿನಿಂದ ಕುರ್ಚಿಗೆ ಕಟ್ಟುತ್ತಿದ್ದೆವು. ಹೊಡೆಯುವ ಮಗುವಿಗೆ ಬೆತ್ತ ತೋರಿಸುತ್ತಿದ್ದೆವು. ಶಾಲೆ ನೋಡಿಕೊಳ್ಳುತ್ತಿದ್ದವರು ಸರಕಾರಿ ಶಾಲೆಯಿಂದ ನಿವೃತ್ತರಾದ ಒಬ್ಬ ಮಾಷ್ಟ್ರು. ಕೆಟ್ಟವರಲ್ಲ. ಕಟ್ಟುವುದನ್ನು ನನಗೆ ಕಲಿಸಿದವರು ಅವರೇ. ಬೈರಾಸನ್ನು ಅಗಲಕ್ಕೆ ಮಡಚಬೇಕು, ಕೈಗೆ ಕೊರೆಯಬಾರದು. "ಗಂಟಿನ ಒಳಗೆ ಎರಡು ಬೆರಳು ಹೋಗ್ಬೇಕು ಕಮಲ. ಹೋಗದಿದ್ರೆ ಅದು ಕಟ್ಟಿದ್ದಲ್ಲ, ಹಿಂಸೆ" ಎನ್ನುತ್ತಿದ್ದರು. ಎರಡು ಬೆರಳು ಹೋಗುತ್ತಿತ್ತು, ಆದ್ದರಿಂದ ನಾವು ಹಿಂಸೆ ಮಾಡುತ್ತಿಲ್ಲ ಎಂದುಕೊಂಡಿದ್ದೆವು. ಎಷ್ಟು ಮಕ್ಕಳನ್ನು ಕಟ್ಟಿದೆ ಎಂದು ಕೇಳಿದರೆ, ಒಂದಲ್ಲ ಒಂದು ದಿನ ಎಲ್ಲರನ್ನೂ ಕಟ್ಟಿದ್ದೇನೆ.

ನಾಲ್ಕನೆಯ ವರ್ಷ ಬಿಂದು ಟೀಚರ್ ಬಂದರು. ಕೋಟ್ಟಯಂ ಕಡೆಯವರು. ಇಂಥ ಮಕ್ಕಳಿಗೆ ಕಲಿಸುವುದನ್ನೇ ಓದಿ ಬಂದವರು. ಬರುವಾಗ ಮಲೆಯಾಳ ಮಾತ್ರ ಇತ್ತು, ಒಂದು ವರ್ಷದಲ್ಲಿ ನನ್ನ ಜೊತೆ ಜಗಳ ಮಾಡುವಷ್ಟು ಕನ್ನಡ ಕಲಿತರು. ನನ್ನನ್ನು ಅವರ ಕಡೆಯ ಕ್ರಮದಲ್ಲಿ ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದರು. ಬಂದ ವಾರವೇ ಬೈರಾಸುಗಳನ್ನೆಲ್ಲ ಒಗೆಯಲು ಎಂದು ತೆಗೆದುಕೊಂಡು ಹೋದರು. ಮರುದಿನ ನೋಡಿದರೆ ಎಲ್ಲವನ್ನೂ ಹರಿದು ನೆಲ ಒರಸುವ ಬಟ್ಟೆ ಮಾಡಿದ್ದರು.

"ಈಗ ಓಡಿದ್ರೆ ಯಾರು ಹಿಡಿಯುದು?" ಎಂದೆ.

"ಓಡದ ಹಾಗೆ ಮಾಡುವ ಚೇಚಿ. ಅಲ್ಲಿಯವರೆಗೆ ನಾವು ಓಡುವ" ಎಂದರು, ಮಲೆಯಾಳದಲ್ಲಿ.

ಆ ವರ್ಷ ನನ್ನ ಮೈ ಇಳಿಯಿತು.

ಸಂತೋಷ್ ಎಂಬ ಹುಡುಗನಿದ್ದ. ಬೆಳಿಗ್ಗೆ ಬಂದು ಕೂತ ಕೂಡಲೇ ಅಳು ಶುರು. ನನ್ನ ಚೀಲದಲ್ಲಿ ಚಕ್ಕುಲಿ ಇರುತ್ತಿತ್ತು. ಒಂದು ಕೊಟ್ಟರೆ ಬಾಯಿ ಮುಚ್ಚುತ್ತಿದ್ದ. ನನ್ನಿಂದ ಮಾತ್ರ ಸುಮ್ಮನಾಗುತ್ತಾನೆ ಎಂದು ನನಗೆ ಸ್ವಲ್ಪ ಜಂಬವೂ ಇತ್ತು. ಟೀಚರು ಮೂರು ದಿನ ನೋಡಿ ನಾಲ್ಕನೆಯ ದಿನ ಕೇಳಿದರು.

"ಚಕ್ಕುಲಿ ಯಾವಾಗ ಕೊಡುದು ಚೇಚಿ?"

"ಕೂಗುವಾಗ."

"ಕೂಗದೆ ಕೂತಾಗ ಎಂತ ಕೊಡ್ತೀರಿ?"

"ಕೂಗದವನಿಗೆ ಯಾಕೆ ಕೊಡುದು?"

"ಹಾಗಾದ್ರೆ ಈ ಕೋಣೆಯಲ್ಲಿ ಎಲ್ಲರಿಗಿಂತ ಬುದ್ಧಿವಂತ ಅವನೇ. ನಿಮ್ಮನ್ನು ಪಳಗಿಸಿ ಇಟ್ಟಿದ್ದಾನೆ."

ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಮೂರನೆಯ ದಿನ, ಅವನು ಬಾಯಿ ತೆರೆಯುವ ಮೊದಲೇ, ಸುಮ್ಮನೆ ಕೂತಿದ್ದಾಗ ಚಕ್ಕುಲಿಯ ಒಂದು ತುಂಡು ಕೊಟ್ಟೆ. ಅವನು ನನ್ನ ಮುಖ ನೋಡಿದ. ಈ ಮುದುಕಿಗೆ ಏನಾಯಿತು ಎಂಬ ಹಾಗೆ. ಎರಡು ತಿಂಗಳಲ್ಲಿ ಬೆಳಗಿನ ಅಳು ನಿಂತಿತು. ಹೊಸಬರು ಇದನ್ನು ಮೊದಲು ತಿಳಿಯಬೇಕು. ಮಗುವಿನ ಯಾವ ಗಳಿಗೆಗೆ ನೀವು ಓಡಿಹೋಗುತ್ತೀರೋ ಆ ಗಳಿಗೆ ಮತ್ತೆ ಮತ್ತೆ ಬರುತ್ತದೆ.

ಇದನ್ನು ಕಂಡು ಮಾಷ್ಟ್ರಿಗೆ ಹುರುಪು ಬಂತು. ಕೊಟ್ಟರೆ ಕಲಿಯುತ್ತಾರೆ ಎಂದಾದರೆ ಕೊಡದಿದ್ದರೆ ಇನ್ನೂ ಬೇಗ ಕಲಿಯುತ್ತಾರೆ ಎಂದು ಅವರ ಲೆಕ್ಕಾಚಾರ. ಕುರ್ಚಿಯಲ್ಲಿ ಕೂರದವನಿಗೆ ಅನ್ನ ಬಡಿಸಬೇಡ ಎಂದು ನನಗೆ ಹೇಳಿದರು. ತಟ್ಟೆ ಹಿಡಿದು ನಿಂತಿದ್ದೆ, ಟೀಚರು ಬಂದರು.

"ಅನ್ನ ಅವನದ್ದು ಮಾಷೆ. ಚಕ್ಕುಲಿ ನಮ್ಮದು. ನಮ್ಮದನ್ನು ಬೇಕಾದ್ರೆ ಹಿಡಿದಿಟ್ಟುಕೊಳ್ಳುವ, ಅವನದ್ದನ್ನು ಅಲ್ಲ."

"ಒಂದು ದಿನ ಊಟ ತಪ್ಪಿದ್ರೆ ಎಂತ ಆಗ್ತದೆ ಟೀಚರೆ? ನಾನು ಎಷ್ಟು ದಿನ ಬರೀ ಹೊಟ್ಟೆಯಲ್ಲಿ ಶಾಲೆಗೆ ಹೋಗಿದ್ದೇನೆ."

"ನಿಮ್ಮ ಮನೆಯಲ್ಲಿ ಇರಲಿಲ್ಲ, ಅದಕ್ಕೆ ಕೊಡಲಿಲ್ಲ. ಇಲ್ಲಿ ಇದ್ದೂ ಕೊಡಬೇಡಿ ಅಂತೀರಿ."

ಮಾಷ್ಟ್ರು ಕನ್ನಡಕ ತೆಗೆದು ಒರಸಿಕೊಂಡರು. ನಾನು ಬಡಿಸಿದೆ.

ಕ್ರಮಗಳು ಬದಲಾಗುತ್ತಲೇ ಇರುತ್ತವೆ, ಅದನ್ನೂ ಹೇಳಿಬಿಡುತ್ತೇನೆ. ಬಿಂದು ಟೀಚರ್ ಸುರುವಿಗೆ ಮಕ್ಕಳಿಂದ ಕಣ್ಣಲ್ಲಿ ಕಣ್ಣಿಟ್ಟು ನೋಡಿಸುತ್ತಿದ್ದರು. "ನನ್ನನ್ನು ನೋಡು" ಎಂದು ಹೇಳಿ, ನೋಡಿದರೆ ದ್ರಾಕ್ಷಿ. ಮಗ್ಗಿ ಹೇಳಿಸಿದ ಹಾಗೆ ದಿನಾ ನೋಡಿಸಿದೆವು. ಕೆಲವು ವರ್ಷದ ನಂತರ ಅವರೇ ತರಬೇತಿಗೆ ಹೋಗಿ ಬಂದು, ಕೆಲವು ಮಕ್ಕಳಿಗೆ ಕಣ್ಣು ನೋಡುವುದೇ ಕಷ್ಟ, ಒತ್ತಾಯ ಮಾಡಬಾರದು ಎಂದರು. ಮೊದಲು ಕೈ ಆಡಿಸುವ ಮಕ್ಕಳ ಕೈ ಹಿಡಿಯುತ್ತಿದ್ದೆವು. ಆಮೇಲೆ ಅದನ್ನೂ ಬಿಟ್ಟೆವು. ಅವನ ಕೈ ಅವನು ಆಡಿಸಿದರೆ ನಮಗೇನು ನಷ್ಟ ಎಂದು ನನಗೆ ಮೊದಲೇ ಅನಿಸಿತ್ತು, ಆದರೆ ನನ್ನನ್ನು ಯಾರು ಕೇಳುತ್ತಾರೆ. ನಾವು ಕಣ್ಣು ನೋಡಿಸಿದ ಮಕ್ಕಳೆಲ್ಲ ಈಗ ಮೀಸೆ ಬಂದ ಗಂಡಸರು. ಅವರಲ್ಲಿ ಕ್ಷಮೆ ಕೇಳಲು ಯಾರೂ ಹೋಗಲಿಲ್ಲ. ನೀವು ಇಂದು ಸರಿ ಎಂದು ಮಾಡುವುದರಲ್ಲಿಯೂ ಕೆಲವು ನಾಳೆ ತಪ್ಪಾಗುತ್ತವೆ. ಹಾಗೆಂದು ಕೈ ಕಟ್ಟಿ ಕೂರಲು ಆಗುವುದಿಲ್ಲ, ಮಗು ಎದುರಿಗೆ ನಿಂತಿರುತ್ತದೆ.

ಇಷ್ಟು ಬರೆದದ್ದು ರಝಿಯಾಳ ವಿಷಯಕ್ಕೆ ಬರಲು.

ರಝಿಯಾ ಬಂದದ್ದು ಎರಡು ಸಾವಿರದ ಏಳರಲ್ಲೋ ಎಂಟರಲ್ಲೋ, ಜೂನಿನಲ್ಲಿ. ಎಂಟು ವರ್ಷ. ಮಾತಿಲ್ಲ. ಅಂಗೈಯಿಂದ ತನ್ನ ತಲೆಗೆ ತಾನೇ ಫಟಫಟ ಹೊಡೆದುಕೊಳ್ಳುತ್ತಿದ್ದಳು. ತಡೆಯಲು ಹೋದವರನ್ನು ಕಚ್ಚುತ್ತಿದ್ದಳು. ಅಪ್ಪ ಗಲ್ಫಿನಲ್ಲಿ ಒಂದು ಅಂಗಡಿಯಲ್ಲಿದ್ದ. ಅಮ್ಮ ಖದೀಜ, ಮೂವತ್ತೂ ಆಗಿರದ ಹೆಂಗಸು, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಸೇರಿಸಲು ಬಂದ ದಿನ ಮಾಷ್ಟ್ರ ಎದುರಿಗೇ ಹೇಳಿದಳು.

"ಮನೆಯಲ್ಲಿ ಇವಳನ್ನು ಕಿಟಕಿಯ ಸರಳಿಗೆ ಕಟ್ಟಿ ಹಾಕುದು. ಅತ್ತೆಯನ್ನು ತೊಳೆಯುವಾಗ ಇವಳನ್ನು ಎಲ್ಲಿ ಇಡ್ಲಿ ಹೇಳಿ. ಇಲ್ಲಿ ನೀವು ಸಹ ಕಟ್ಟಿ ಹಾಕುದಾದ್ರೆ ಈಗಲೇ ಹೇಳಿ. ಎರಡು ಬಸ್ಸು ಹತ್ತುವ ಕಷ್ಟವಾದ್ರೂ ತಪ್ತದೆ."

"ಇಲ್ಲಿ ಕಟ್ಟುದಿಲ್ಲ" ಎಂದರು ಬಿಂದು ಟೀಚರ್. ಮಾಷ್ಟ್ರು ಕಿಟಕಿಯ ಹೊರಗೆ ನೋಡಿದರು.

ಎರಡು ವಾರದೊಳಗೆ ರಝಿಯಾ ಒಬ್ಬ ಹುಡುಗನ ಭುಜ ಕಚ್ಚಿ ರಕ್ತ ಬರಿಸಿದಳು. ಅವನ ಅಪ್ಪ ಆಫೀಸಿಗೆ ಬಂದು ಮೇಜು ಗುದ್ದಿದ. ಆತ ಹೋದ ಮೇಲೆ ಮಾಷ್ಟ್ರು ನಮ್ಮಿಬ್ಬರನ್ನೂ ಕರೆದರು.

"ಓಣಂ ರಜೆಯವರೆಗೆ, ಇನ್ನೆರಡು ತಿಂಗಳು, ನೋಡುವ. ಹೊಡೆದುಕೊಳ್ಳುದು, ಕಚ್ಚುದು ಕಡಿಮೆಯಾದ್ರೆ ಇರ್ಲಿ. ಇಲ್ಲದಿದ್ರೆ ಮನೆಗೆ. ಟ್ರಸ್ಟಿನ ಕಮ್ಮಿಟಿಗೆ ಉತ್ತರ ಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ಮನೆಗೆ ಎಂದರೆ ಕಿಟಕಿಯ ಸರಳಿಗೆ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಟೀಚರು ಮೊದಲು ಮಾಡಿದ್ದು ಎಣಿಕೆ. ದಿನಕ್ಕೆ ಎಷ್ಟು ಸಲ ಹೊಡೆದುಕೊಳ್ಳುತ್ತಾಳೆ, ಹೊಡೆದುಕೊಳ್ಳುವ ಮೊದಲು ಏನಾಗಿತ್ತು. ನನಗೆ ಪುಸ್ತಕ, ಪೆನ್ನು ಕೊಟ್ಟರು. ನಾನು ಒಂದು ಗೀಟು ಎಳೆಯುವಷ್ಟರಲ್ಲಿ ಅವಳು ನಾಲ್ಕು ಪೆಟ್ಟು ಹಾಕಿಕೊಂಡಾಗುತ್ತಿತ್ತು. ಆಮೇಲೆ ನಾನೇ ಒಂದು ದಾರಿ ಹೇಳಿದೆ. ಚೆನ್ನೆಮಣೆ ಆಡಲು ಮನೆಯಲ್ಲಿ ಕೂಡಿಟ್ಟ ಹುಣಸೆ ಬೀಜ ತಂದು ಸೊಂಟದ ಸೆರಗಿನಲ್ಲಿ ಕಟ್ಟಿಕೊಂಡೆ. ಟೀಚರು ಕಿಟಕಿಯಲ್ಲಿ ಮೂರು ಡಬ್ಬಿ ಇಟ್ಟು ಬಣ್ಣದ ಕಾಗದ ಅಂಟಿಸಿದರು. ಕೆಲಸ ಕೊಟ್ಟಾಗ ಹೊಡೆದುಕೊಂಡರೆ ಕೆಂಪು ಡಬ್ಬಿ. ಕೇಳಿದ್ದು ಸಿಗದಾಗ ಹೊಡೆದುಕೊಂಡರೆ ಹಸಿರು. ಯಾರೂ ಅವಳ ಕಡೆ ಗಮನ ಕೊಡದಾಗ ಹೊಡೆದುಕೊಂಡರೆ ಹಳದಿ. ಒಂದು ಪೆಟ್ಟಿಗೆ ಒಂದು ಬೀಜ. ಸಂಜೆ ಟೀಚರು ಡಬ್ಬಿ ಮಗುಚಿ ಎಣಿಸಿ ಗೋಡೆಗೆ ಸಿಕ್ಕಿಸಿದ ಚೌಕದ ಕಾಗದದಲ್ಲಿ ಚುಕ್ಕಿ ಇಡುತ್ತಿದ್ದರು. ಚುಕ್ಕಿಗಳನ್ನು ಸೇರಿಸಿದರೆ ಗೆರೆ. ನನ್ನದು ಬೀಡಿ ಎಣಿಸಿದ ಕೈ, ಕಣ್ಣು ಬೇರೆ ಕಡೆ ಇದ್ದರೂ ಬೆರಳು ತಪ್ಪುವುದಿಲ್ಲ.

ಬೀಜಗಳಲ್ಲಿ ಹೆಚ್ಚಿನವು ಕೆಂಪು ಡಬ್ಬಿಗೆ ಬಿದ್ದವು.

"ಸಾಕು ಅಂತ ಹೇಳ್ಲಿಕ್ಕೆ ಅವಳಿಗೆ ಬಾಯಿಲ್ಲ ಚೇಚಿ. ಹೊಡೆದುಕೊಂಡ್ರೆ ನಾವು ಕೆಲಸ ತೆಗೀತೇವೆ. ಅದಕ್ಕೆ ಹೊಡ್ಕೊಳ್ತಾಳೆ. ಬೇರೆ ರೀತಿ ಹೇಳ್ಲಿಕ್ಕೆ ಕಲಿಸುವ."

ಅಂಗೈ ಎತ್ತಿ ತೋರಿಸಿದರೆ ಸಾಕು ಎಂದು ಅರ್ಥ. ಅವಳ ಕೈ ಹಿಡಿದು ಎತ್ತಿಸಿ, ಎತ್ತಿದ ಕೂಡಲೇ ಪೋಣಿಸಲು ಕೊಟ್ಟ ಮಣಿಯ ಬುಟ್ಟಿ ಆಚೆ ಇಡುತ್ತಿದ್ದೆವು. ಕೈ ಎತ್ತುವುದು ಬಂದ ಮೇಲೆ ರಝಿಯಾ ಬುಟ್ಟಿ ಕಂಡ ಕೂಡಲೇ ಕೈ ಎತ್ತತೊಡಗಿದಳು.

"ಹೀಗಾದ್ರೆ ಅವಳು ಯಾವ ಕೆಲಸ ಮಾಡುದು ಟೀಚರೆ? ರಾಣಿ ಮಾಡಿ ಇಟ್ಟಿರಿ."

"ಈಗ ಅವಳು ಸಾಕು ಅಂದ್ರೆ ಬಿಡ್ಬೇಕು. ಬಿಡದಿದ್ರೆ ಆ ಕೈಗೆ ಬೆಲೆ ಇಲ್ಲ ಅಂತ ಗೊತ್ತಾಗ್ತದೆ, ಮತ್ತೆ ತಲೆಗೆ ಹೊಡ್ಕೊಳ್ತಾಳೆ. ಕೆಲಸ ನಿಧಾನ ಹೆಚ್ಚು ಮಾಡುವ."

ಅವರು ಹೇಳಿದ್ದು ಸರಿಯಿತ್ತು. ಒಂದು ತಿಂಗಳಲ್ಲಿ ಕೆಂಪು ಡಬ್ಬಿ ಹಗುರಾಯಿತು. ಕಚ್ಚುವುದು ನಿಂತೇ ಹೋಯಿತು. ರಝಿಯಾ ಹತ್ತು ಮಣಿ ಪೋಣಿಸಿ ಆಮೇಲೆ ಕೈ ಎತ್ತುತ್ತಿದ್ದಳು.

ನನ್ನ ತಪ್ಪು ಸುರುವಾದದ್ದು ಅಲ್ಲಿಂದ ಮುಂದೆ.

ಊಟವಾದ ಮೇಲೆ ಮಕ್ಕಳನ್ನು ಚಾಪೆಯಲ್ಲಿ ಮಲಗಿಸುತ್ತಿದ್ದೆವು. ಟೀಚರು ಊಟಕ್ಕೆ ಹೋಗುವ ಹೊತ್ತು ಅದು. ಮಲಗಿ ಸ್ವಲ್ಪ ಹೊತ್ತಿನಲ್ಲಿ ರಝಿಯಾ ಎದ್ದು ಕೂತು ಎಡಗಿವಿಯ ಮೇಲೆ ಹೊಡೆದುಕೊಳ್ಳುತ್ತಿದ್ದಳು. ಕೆಲಸ ಕೊಟ್ಟಿರಲಿಲ್ಲ, ಹಾಗಾಗಿ ಕೆಂಪು ಅಲ್ಲ. ಏನೂ ಕೇಳಿರಲಿಲ್ಲ, ಹಸಿರು ಅಲ್ಲ. ಮೊದಲ ಎರಡು ಮೂರು ದಿನ ಹಳದಿಗೆ ಹಾಕಿದೆ. ಆದರೆ ನಾನು ಅವಳ ಪಕ್ಕದಲ್ಲೇ ಕೂತು ಬೆನ್ನು ತಟ್ಟುತ್ತಿದ್ದೆ, ಹಳದಿಯೂ ಅಲ್ಲ. ಬೀಜ ಕೈಯಲ್ಲಿ ಹಿಡಿದು ಎಲ್ಲಿ ಹಾಕಲಿ ಎಂದು ಕೂತೆ. ಕೇಳಬಹುದಿತ್ತು. ಇಷ್ಟು ದಿನವಾದರೂ ಡಬ್ಬಿ ಗೊತ್ತಾಗಲಿಲ್ಲವಾ ಎಂದು ಕೇಳಿಯಾರು ಎಂಬ ಸಂಕೋಚ. ಐದನೆಯ ಕ್ಲಾಸಿನವಳಿಗೆ ಈ ಸಂಕೋಚ ಜಾಸ್ತಿ. ಯಾವ ಡಬ್ಬಿಗೂ ಸೇರದ ಪೆಟ್ಟು ಎಣಿಕೆಯದ್ದಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಆ ಬೀಜಗಳು ಸೆರಗಿನಲ್ಲೇ ಉಳಿದವು.

ಓಣಂಗೆ ಮೂರು ವಾರ ಇರುವಾಗ ಮಾಷ್ಟ್ರು ಗೋಡೆಯ ಮೇಲಿನ ಗೆರೆ ನೋಡಿ, "ಇನ್ನು ಸ್ವಲ್ಪ ಇಳಿದ್ರೆ ಸಾಕು ಕಮಲ" ಎಂದರು. ಇಳಿಸುವುದು ನನ್ನ ಕೈಯಲ್ಲಿ ಇದೆ ಎಂಬ ಹಾಗೆ. ಇದ್ದದ್ದು ನನ್ನ ಕೈಯಲ್ಲೇ. ಅಲ್ಲಿಯವರೆಗೆ ಗೊತ್ತಾಗದೆ ಬಿಟ್ಟಿದ್ದೆ ಎನ್ನಬಹುದು. ಆ ದಿನದ ನಂತರ ಗೊತ್ತಿದ್ದೇ ಬಿಟ್ಟೆ.

ಗೆರೆ ಇಳಿಯಿತು. ಓಣಂ ಕಳೆಯಿತು. ರಝಿಯಾ ಉಳಿದಳು. ಖದೀಜ ಮನೆಯಿಂದ ಅಕ್ಕಿಯ ಪತ್ತಿರಿ ರೊಟ್ಟಿ ಮಾಡಿ ಕೊಟ್ಟುಕಳಿಸಿದಳು. ತಿಂದೆ.

ರಜೆ ಮುಗಿದ ಮೇಲೆ ಟೀಚರು ಗೆರೆಯನ್ನು ಮುಂದಿಟ್ಟುಕೊಂಡು ಕೂತರು. ಕೆಂಪು, ಹಸಿರು ಹೆಚ್ಚುಕಮ್ಮಿ ಖಾಲಿ. ಹಳದಿಯಲ್ಲಿ ಮಾತ್ರ ಅಷ್ಟಿಷ್ಟು ಉಳಿದಿತ್ತು. ನನ್ನನ್ನು ಕೇಳಿದರು.

"ಇದು ಬಿಟ್ಟು, ಕಾರಣ ಇಲ್ಲದೆ ಯಾವ ಹೊತ್ತಿಗಾದ್ರೂ ಹೊಡ್ಕೊಳ್ಳುದುಂಟಾ ಚೇಚಿ?"

"ಇಲ್ಲ" ಎಂದೆ.

ಹದಿನೆಂಟು ವರ್ಷದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಈ ಎರಡು ಅಕ್ಷರ. ಮಿಕ್ಕ ತಪ್ಪುಗಳಿಗೆ ಏನಾದರೊಂದು ನೆಪ ಹೇಳಬಹುದು, ಇದಕ್ಕೆ ಹಾಗೆ ಹೇಳಲು ಆಗುವುದಿಲ್ಲ.

ಉಳಿದದ್ದು ಹಳದಿ ಮಾತ್ರ ಎಂದಾದರೆ ನಮ್ಮ ಗಮನಕ್ಕಾಗಿ ಹೊಡೆದುಕೊಳ್ಳುತ್ತಾಳೆ ಎಂದು ಅರ್ಥ. ಹೊಡೆದುಕೊಂಡಾಗ ಅವಳ ಕಡೆ ನೋಡಬಾರದು, ಸುಮ್ಮನಿರುವಾಗ ಹೋಗಿ ಕೂತು ಮಾತಾಡಿಸಬೇಕು ಎಂದು ಟೀಚರು ತೀರ್ಮಾನಿಸಿದರು. ನಾನು ಕೊಟ್ಟ ಎಣಿಕೆಗೆ ಅದು ಸರಿಯಾದ ತೀರ್ಮಾನ. ಮನೆಯಲ್ಲೂ ಹಾಗೆಯೇ ಆಗಬೇಕು ಎಂದರು. ಖದೀಜಳಿಗೆ ಹೇಳುವ ಕೆಲಸ ನನಗೆ ಬಂತು.

"ಅವಳು ಹೊಡ್ಕೊಳ್ಳುವಾಗ ನಾನು ಗೋಡೆ ನೋಡ್ಲಿಕ್ಕಾ ಕಮಲಕ್ಕ?"

"ಹೌದು."

"ಎಷ್ಟು ದಿನ?"

"ಅವಳು ನಿಲ್ಲಿಸುವವರೆಗೆ."

"ನಿಮ್ಮ ಮಗಳಾಗಿದ್ರೆ ನೋಡ್ತಿದ್ರಾ?"

"ನೋಡ್ತಿದ್ದೆ" ಎಂದೆ. ಬಸ್ಸಿಗೆ ತಡವಾಗಿತ್ತು.

ಎಷ್ಟೋ ವಾರ ನಾವೆಲ್ಲ ಮುಖ ತಿರುಗಿಸಿದೆವು. ಮಧ್ಯಾಹ್ನ ಅವಳು ಚಾಪೆಯಲ್ಲಿ ಕೂತು ಹೊಡೆದುಕೊಳ್ಳುವಾಗ ನಾನು ಬಾಗಿಲ ಕಡೆ ನೋಡಿ ಕೂರುತ್ತಿದ್ದೆ. ಸದ್ದು ಕೇಳುತ್ತಿತ್ತು. ಬೀಜ ಹಾಕುತ್ತಿರಲಿಲ್ಲ.

ಸೋಮವಾರಗಳಲ್ಲಿ ಮಕ್ಕಳ ತಲೆಯ ಹೇನು ಬಾಚುವುದು ನನ್ನ ಕೆಲಸ. ಒಂದು ಸೋಮವಾರ ರಝಿಯಾಳ ತಲೆವಸ್ತ್ರ ತೆಗೆದು ಬಾಚುತ್ತ ಎಡಕ್ಕೆ ಬಂದೆ. ಕೆಟ್ಟ ವಾಸನೆ ಮೂಗಿಗೆ ಬಡಿಯಿತು. ತಲೆವಸ್ತ್ರದ ಒಳಬದಿಯಲ್ಲಿ ಹಳದಿ ಕಲೆ ಒಣಗಿ ಗಟ್ಟಿಯಾಗಿತ್ತು. ಕಿವಿಯ ತುದಿ ಸ್ವಲ್ಪ ಎಳೆದೆ. ನನ್ನ ಮಣಿಕಟ್ಟು ಕಚ್ಚಿದಳು. ಕಚ್ಚುವುದು ನಿಂತು ಮೂರು ತಿಂಗಳಾಗಿತ್ತು. ನನಗೆ ಅಲ್ಲೇ ಎಲ್ಲ ತಿಳಿಯಿತು. ಮಲಗಿದಾಗ ಕಿವಿಯೊಳಗೆ ಕೀವು ಒತ್ತಿ ನೋವು ಎದ್ದು ಹೊಡೆದುಕೊಳ್ಳುತ್ತಿದ್ದಳು.

ಟೀಚರಲ್ಲಿ ಹೋಗಿ ಹೇಳಿದೆ, "ಕಿವಿ ಸೋರ್ತಾ ಉಂಟು." ಅಷ್ಟೇ ಹೇಳಿದೆ.

ಆಗಲೇ ರಿಕ್ಷಾ ಮಾಡಿ ಕಾಸರಗೋಡಿಗೆ ಕರೆದುಕೊಂಡು ಹೋದರು. ಹಳೆಯ ಕೀವು, ಕಿವಿಯ ತಮಟೆ ತೂತಾಗಿದೆ, ಆ ಕಿವಿ ಇನ್ನು ಹೆಚ್ಚು ಕೇಳಿಸಲಿಕ್ಕಿಲ್ಲ, ಮೊದಲೇ ತಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಮದ್ದು ಹಾಕಿ ಕಿವಿ ಒಣಗಿದ ಮೇಲೆ ಮಧ್ಯಾಹ್ನದ ಪೆಟ್ಟು ತಾನಾಗಿ ನಿಂತಿತು.

ಟೀಚರು ಮೂರು ಸಂಜೆ ಆ ಗೆರೆಯ ಕಾಗದಗಳನ್ನು ಮೇಜಿನ ಮೇಲೆ ಹರಡಿ ಕೂತರು. ಎಲ್ಲಿ ತಪ್ಪಿತು ಎಂದು ಹುಡುಕುತ್ತಿದ್ದರು. ನಾನು ಅದೇ ಕೋಣೆಯ ನೆಲ ಒರಸಿದೆ. ನಾಲ್ಕನೆಯ ದಿನ ಮಾಷ್ಟ್ರು ಚಹಾ ಕುಡಿಯುತ್ತ ನನಗೆ ಹೇಳಿದರು.

"ಟೀಚರು ಕಾಗದ ಬರೆದು ಕೊಟ್ಟಿದ್ದಾರೆ. ನೋವನ್ನು ನೋವು ಅಂತ ಗುರುತಿಸದವಳು ಈ ಕೆಲಸಕ್ಕೆ ಲಾಯಕ್ಕಲ್ಲ ಅಂತ. ಹೋಗ್ತಾರಂತೆ. ಈ ಎಣಿಕೆ, ಗೆರೆ ಎಲ್ಲ ಇನ್ನು ಸಾಕು ಅಂತ ಕಮ್ಮಿಟಿಯವರ ಅಭಿಪ್ರಾಯ."

"ಮತ್ತೆ ಹೇಗೆ?"

"ಮೊದಲಿನ ಹಾಗೆ."

ಅವರಿಗೂ ಅದು ಇಷ್ಟವಿದ್ದ ಹಾಗೆ ಕಾಣಲಿಲ್ಲ. ಮೊದಲಿನ ಹಾಗೆ ಎಂದರೆ ಏನೆಂದು ನನ್ನ ಕೈಗೆ ಗೊತ್ತಿತ್ತು. ಬಕೆಟ್ ಅಲ್ಲೇ ಬಿಟ್ಟು ಟೀಚರ ಕೋಣೆಗೆ ಹೋದೆ.

"ಗೆರೆ ಇಳಿದದ್ದು ಪೂರಾ ಸತ್ಯ ಅಲ್ಲ ಟೀಚರೆ."

ಅವರು ಪೆನ್ನು ಕೆಳಗಿಟ್ಟರು.

"ಊಟ ಆದ ಮೇಲಿನ ಪೆಟ್ಟಿಗೆ ನಾನು ಬೀಜ ಹಾಕ್ಲಿಲ್ಲ."

"ಎಷ್ಟು ದಿನ?"

"ಓಣಂಗೆ ಮೊದಲಿಂದ. ಕಿವಿ ಕಂಡ ದಿನದವರೆಗೆ."

"ದಿನಕ್ಕೆ ಎಷ್ಟು?"

"ಹತ್ತಕ್ಕೆ ಕಡಿಮೆ ಇಲ್ಲ."

"ಮಲಗುವ ಮೊದಲಾ, ಮಲಗಿದ ಮೇಲೆಯಾ?"

"ಮಲಗಿದ ಮೇಲೆ."

"ಎಡ ಮಾತ್ರವಾ?"

"ಎಡ ಮಾತ್ರ."

ಪೆನ್ನು ಮತ್ತೆ ಎತ್ತಿಕೊಂಡು ಬರೆಯುತ್ತಿದ್ದರು. ಬೈಯುತ್ತಾರೆ ಎಂದು ನಿಂತಿದ್ದೆ. ಬರೆದು ಮುಗಿಸಿ ತಲೆ ಎತ್ತಿದರು.

"ನಾನು ನಿಮ್ಮನ್ನು ಕೇಳಿದ್ದೆ."

"ಕೇಳಿದ್ರಿ."

"ಇಲ್ಲ ಅಂದ್ರಿ."

"ಅಂದೆ. ಯಾವ ಡಬ್ಬಿಗೂ ಅದು ಸೇರುದಿಲ್ಲ. ಮತ್ತೆ ಓಣಂ ಹತ್ತಿರ ಬಂದಿತ್ತು. ಹಾಕಿದ್ರೆ ಅವಳನ್ನು ಮನೆಗೆ ಕಳಿಸ್ತಾರೆ ಅಂತ."

ಹೊರಗೆ ಮಕ್ಕಳನ್ನು ಬಸ್ಸಿಗೆ ಹತ್ತಿಸುವ ಗಲಾಟೆ.

"ನಾಲ್ಕನೆ ಡಬ್ಬಿ ನಾನು ಇಡ್ಬೇಕಿತ್ತು. ಕಿವಿ, ಹಲ್ಲು, ಹೊಟ್ಟೆ ಮೊದಲು ತೋರಿಸಿ ಆಮೇಲೆ ಎಣಿಸ್ಲಿಕ್ಕೆ ಸುರು ಮಾಡ್ಬೇಕಿತ್ತು. ಅದು ನನ್ನ ತಪ್ಪು. ಇಲ್ಲ ಅಂದದ್ದು ನಿಮ್ಮದು. ಎರಡನ್ನೂ ಬೆರೆಸುದು ಬೇಡ" ಎಂದರು. "ಮಾಷ್ಟ್ರಿಗೆ ನಾನು ಹೇಳ್ತೇನೆ. ಖದೀಜಂಗೆ ನೀವು ಹೇಳ್ಬೇಕು."

"ನೀವೂ ಬನ್ನಿ."

"ಇಲ್ಲ. ನನ್ನದು ನಾನು ಬೇರೆ ದಿನ ಹೋಗಿ ಹೇಳ್ತೇನೆ."

ಮಾಷ್ಟ್ರ ಕೋಣೆಯಲ್ಲಿ ಏನು ಮಾತಾಯಿತು ಎಂದು ಪೂರ್ತಿ ಗೊತ್ತಿಲ್ಲ. ಬಾಗಿಲು ಮುಚ್ಚಿತ್ತು. ಓಣಂ ಎಂಬ ಶಬ್ದ ಎರಡು ಸಲ ದೊಡ್ಡದಾಗಿ ಕೇಳಿಸಿತು, ಟೀಚರ ಸ್ವರದಲ್ಲಿ. ಗೆರೆ ನೋಡಿ ಇನ್ನು ಯಾವ ಮಗುವನ್ನೂ ಹೊರಗೆ ಕಳಿಸುವುದಿಲ್ಲ ಎಂದು ಮಾಷ್ಟ್ರು ಕಮ್ಮಿಟಿಯಲ್ಲಿ ಬರೆಯಿಸಿದರು. ಟೀಚರು ಕಾಗದ ಹಿಂದೆ ತೆಗೆದುಕೊಂಡರು. ನನ್ನನ್ನು ತೆಗೆದುಹಾಕಲಿಲ್ಲ. ದೊಡ್ಡ ಮನಸ್ಸಿನಿಂದ ಅಲ್ಲ, ಮಲಮೂತ್ರ ಬಳಿಯಲು ಬೇರೆ ಆಯಾ ಸಿಗುವುದು ಸುಲಭವಿರಲಿಲ್ಲ. ಕಿಟಕಿಯಲ್ಲಿ ನಾಲ್ಕನೆಯ ಡಬ್ಬಿ ಬಂತು. ಬಣ್ಣದ ಕಾಗದ ಮುಗಿದಿತ್ತು, ಬರೀ ಡಬ್ಬಿ. ಯಾವುದಕ್ಕೂ ಸೇರದ್ದು ಅದಕ್ಕೆ. ಅದರಲ್ಲಿ ಬೀಜ ಬಿದ್ದರೆ ಮೊದಲು ಡಾಕ್ಟರು, ಆಮೇಲೆ ಉಳಿದದ್ದು.

ಕೆಲಸಕ್ಕೆ ಹೊಸದಾಗಿ ಬರುವವರಿಗೆ ಒಂದು ಹೇಳಬೇಕು. ಇಷ್ಟಕ್ಕೆ ಇಳಿಯದಿದ್ದರೆ ಮಗುವನ್ನು ಕಳಿಸುತ್ತೇವೆ ಎಂದು ಯಾರಾದರೂ ಹೇಳಿದ ಮೇಲೆ ಬರುವ ಎಣಿಕೆಯನ್ನು ನಂಬಬೇಡಿ. ಎಣಿಸುವವಳು ಕೆಟ್ಟವಳು ಎಂದಲ್ಲ. ಮಗುವಿನ ಮೇಲೆ ಮಮತೆ ಇದ್ದವಳೇ ಹೆಚ್ಚು ಸುಳ್ಳು ಎಣಿಸುತ್ತಾಳೆ.

ಖದೀಜಳ ಮನೆ ರೈಲು ಹಳಿಯ ಆಚೆ. ಆದಿತ್ಯವಾರ ಹೋದೆ. ಅಂಗಳದಲ್ಲಿ ಕೂತು ಬೂತಾಯಿ ಮೀನು ಶುಚಿ ಮಾಡುತ್ತಿದ್ದಳು. ರಝಿಯಾ ಮೆಟ್ಟಿಲಲ್ಲಿ ಕೂತಿದ್ದಳು, ಕಟ್ಟಿ ಹಾಕಿರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಡಬ್ಬಿ, ಬೀಜ, ಓಣಂ, ಇಲ್ಲ ಎಂದದ್ದು. ಅವಳು ಕತ್ತಿ ನಿಲ್ಲಿಸಲಿಲ್ಲ. ತಲೆ ತೆಗೆದು, ಹೊಟ್ಟೆ ತೆಗೆದು, ಮಣ್ಣಿನ ಚಟ್ಟಿಯ ನೀರಿಗೆ ಹಾಕುತ್ತಲೇ ಇದ್ದಳು. ಚಟ್ಟಿ ತುಂಬಿದ ಮೇಲೆ ಮಾತಾಡಿದಳು.

"ನಾನು ಗೋಡೆ ನೋಡಿದ್ದೇನೆ ಕಮಲಕ್ಕ. ನೀವು ಹೇಳಿದ್ರಿ ಅಂತ."

"ಗೊತ್ತುಂಟು."

"ನಿಮ್ಮ ಮಗಳಾಗಿದ್ರೆ ನೋಡ್ತಿದ್ದೆ ಅಂದ್ರಿ."

"ಅಂದೆ. ಅದು ಸಹ ಸುಳ್ಳು."

ಅವಳು ಕೈ ತೊಳೆದು ಎದ್ದು ನಿಂತಳು. ನನಗಿಂತ ಎತ್ತರ ಎಂದು ಆವತ್ತು ಕಂಡಿತು.

"ಇನ್ನು ಇವಳನ್ನು ನೀವು ಮುಟ್ಬೇಡಿ. ಊಟ, ತಲೆ, ಬಟ್ಟೆ ಎಲ್ಲ ಇನ್ನೊಬ್ರು ಆಯಾ ಇದ್ದಾರಲ್ಲ, ಲೀಲಕ್ಕ, ಅವರು ಮಾಡ್ಲಿ."

"ಆಯ್ತು. ಎಣಿಸುದು ಸಹ ಲೀಲನಿಗೇ ಹೇಳ್ತೇನೆ."

"ಎಣಿಸುದು ನೀವೇ."

"ನಾನಾ? ಯಾಕೆ?"

"ಒಂದು ತಪ್ಪಿದ್ರೆ ಎಂತ ಆಗ್ತದೆ ಅಂತ ಲೀಲಕ್ಕನಿಗೆ ಗೊತ್ತಿಲ್ಲ. ನಿಮಗೆ ಗೊತ್ತುಂಟು. ದಿನಾ ಸಂಜೆ ನಾನು ಬಂದಾಗ ಎಷ್ಟು ಅಂತ ಹೇಳ್ಬೇಕು. ನನಗೆ ಬೇಜಾರಾಗ್ತದೆ ಅಂತ ಕಡಿಮೆ ಮಾಡ್ಲಿಕ್ಕಿಲ್ಲ."

ಕೂರಲು ಹೇಳಲಿಲ್ಲ. ನಾನೂ ಕೂರಲಿಲ್ಲ.

ರಝಿಯಾ ಆಮೇಲೆ ಒಂಬತ್ತು ವರ್ಷ ನಮ್ಮಲ್ಲಿಗೆ ಬಂದಳು. ನಾನು ಒಂದು ದಿನವೂ ಅವಳನ್ನು ಮುಟ್ಟಲಿಲ್ಲ. ಅವಳ ತಟ್ಟೆ ಲೀಲಾ ತೊಳೆದಳು, ತಲೆ ಲೀಲಾ ಬಾಚಿದಳು. ನಾನು ಕೋಣೆಯ ಆಚೆ ಬದಿಯಲ್ಲಿ ಬೇರೆ ಮಕ್ಕಳ ಜೊತೆ ಕೂತು ಎಣಿಸಿದೆ. ಸಂಜೆ ಗೇಟಿನಲ್ಲಿ ಖದೀಜಳಿಗೆ ಹೇಳಿದೆ. ಇವತ್ತು ನಾಲ್ಕು. ಇವತ್ತು ಎರಡು. ಇವತ್ತು ಇಲ್ಲ. ಅವಳು ಹೂಂ ಎನ್ನುತ್ತಿದ್ದಳು, ಮಗಳ ಕೈ ಹಿಡಿದು ಹೋಗುತ್ತಿದ್ದಳು. ಬೇರೆ ಮಾತು ಇರಲಿಲ್ಲ.

ರಝಿಯಾ ದೊಡ್ಡವಳಾದ ವರ್ಷ ಹೊಡೆದುಕೊಳ್ಳುವುದು ಮತ್ತೆ ಬಂತು, ಒಮ್ಮೆಲೇ, ಎರಡೂ ಕೈಯಿಂದ. ಆ ದಿನ ಸೆರಗಿನ ಬೀಜ ಸಾಲದೆ ಅಡುಗೆಕೋಣೆಯಿಂದ ಕಡಲೆ ತಂದು ಎಣಿಸಿದೆ. ಸಂಜೆ ಗೇಟಿಗೆ ಹೋಗುವ ಮೊದಲು ಡಬ್ಬಿ ಮಗುಚಿ ಇನ್ನೊಮ್ಮೆ ಎಣಿಸಿದೆ.

"ಇವತ್ತು ಅರುವತ್ತೊಂದು" ಎಂದೆ.

ಖದೀಜ ಮಗಳ ತಲೆವಸ್ತ್ರ ಸರಿಮಾಡುತ್ತಿದ್ದಳು. ಸರಿಮಾಡಿ ಮುಗಿಸಿದಳು.

"ನಾಲ್ಕನೆ ಡಬ್ಬಿಯಲ್ಲಿ ಎಷ್ಟು?"

"ಐವತ್ತು."

"ಹಾಗಾದ್ರೆ ಬೆಳಿಗ್ಗೆ ಡಾಕ್ಟ್ರತ್ರ ತೋರಿಸಿ ಬರ್ತೇವೆ. ಸ್ವಲ್ಪ ತಡ ಆದೀತು, ಟೀಚರಿಗೆ ಹೇಳಿ."

ಬಸ್ಸು ಬಂತು, ಹತ್ತಿದರು. ಮರುದಿನ ಹನ್ನೊಂದು ಗಂಟೆಗೆ ರಝಿಯಾ ಶಾಲೆಗೆ ಬಂದಳು.